ಗಡಿಗೆ ಬೋರಲಿದ್ದ ವರ್ಷ

ಹೋದ ತಿಂಗಳು ಹಲ್ಲು ಕೀಳಿಸಿಕೊಳ್ಳಲು ದಾಂಡೇಲಿಗೆ ಹೋಗಿದ್ದೆ. ಹಳಿಯಾಳದಲ್ಲಿ ಹಲ್ಲಿನ ಡಾಕ್ಟರರಿಗೇನೂ ಬರವಿಲ್ಲ. ದಾಂಡೇಲಿಯವರ ಕೈ ಹಗುರ ಎಂದು ಮಗಳು ಹಟ ಹಿಡಿದಳು, ಈ ವಯಸ್ಸಿನಲ್ಲಿ ಮಗಳ ಜೊತೆ ಜಗಳ ಯಾಕೆಂದು ಹೋದೆ. ಹಲ್ಲು ಹೋಯಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಸ್ಸಿಗೆ ಕಾಯುತ್ತ ನಿಂತಿದ್ದಾಗ ವರ್ಷದ ಮೊದಲ ಮಳೆ ಬಂತು. ಎದುರಿನ ಅಂಗಡಿಯ ಪಕ್ಕ ಯಾರೋ ಮದುವೆಯ ಹಂದರಕ್ಕೆಂದು ಬಿದಿರಿನ ಗಳ ಒಟ್ಟಿದ್ದರು. ಮಳೆ ಬಿದ್ದ ಸ್ವಲ್ಪ ಹೊತ್ತಿಗೆ ಅದರಿಂದ ವಾಸನೆ ಎದ್ದಿತು. ಒಣಗಿದ ಬಿದಿರು ಒದ್ದೆಯಾದಾಗ ಬರುವ, ಹಳೆಯ ಮಜ್ಜಿಗೆಯಂಥ ಹುಳಿ ವಾಸನೆ. ನನ್ನ ಬಲಗೈಯ ಅಂಗೈ ತಾನೇ ತಾನಾಗಿ ತುರಿಸತೊಡಗಿತು. ಇಷ್ಟು ವರ್ಷ ಕಳೆದರೂ ಕೈಗೆ ಮರೆವು ಬಂದಿಲ್ಲ.

ಆ ವಾಸನೆಯಲ್ಲಿ ನಾನು ಒಂದು ಇಡೀ ಬೇಸಗೆ ಕಳೆದಿದ್ದೆ. ಸಾವಿರದೊಂಬೈನೂರ ಅರವತ್ತರ ಆಸುಪಾಸಿನ ಮಾತು. ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೇನೆ ಎಂದು ಊರಿನವರೆಲ್ಲ ತಿಳಿದುಕೊಂಡಿದ್ದರು. ನಾನು ದಾಂಡೇಲಿಯ ಬಿದಿರಿನ ಡಿಪೋದಲ್ಲಿ ಗಳ ಹೊರುತ್ತಿದ್ದೆ. ಇದನ್ನು ನನ್ನ ಮಕ್ಕಳಿಗೂ ಪೂರ್ತಿ ಹೇಳಿಲ್ಲ. ಎಲ್ಲಿಂದ ಶುರುಮಾಡಿದರೂ ಕಡೆಗೆ ಒಂದು ಮಣ್ಣಿನ ಗಡಿಗೆಯ ಹತ್ತಿರ ಬಂದು ನಿಂತುಬಿಡುತ್ತೇನೆ. ಅದಕ್ಕೇ ಇವತ್ತು ಆ ಗಡಿಗೆಯಿಂದಲೇ ಶುರುಮಾಡಿಬಿಡುತ್ತೇನೆ.

ನಮ್ಮೂರು ತೇರಗಾಂವ. ಹಳಿಯಾಳ ತಾಲೂಕಿನ ಭತ್ತದ ಊರು. ನಾನು ಇನ್ನೂ ಚಿಕ್ಕವನಿದ್ದಾಗ ಒಂದು ಶ್ರಾವಣದಲ್ಲಿ ಮಠದ ಸ್ವಾಮಿಗಳು, ಜಂಗಮನಿಗೆ ಹಾಕುವ ಹಾಗೆ ಓದುವ ಮಗುವಿಗೂ ದಿನಾ ಒಂದು ಮುಷ್ಟಿ ಅಕ್ಕಿ ಎತ್ತಿಡಿ ಎಂದು ಹೇಳಿದ್ದರಂತೆ. ಗಂಡಸರು ಹೌದು ಹೌದು ಎಂದು ತಲೆ ಅಲ್ಲಾಡಿಸಿ ಮನೆಗೆ ಹೋದರು. ಹೆಂಗಸರು ಮರುದಿನವೇ ಗಡಿಗೆ ಇಟ್ಟರು. ನಮ್ಮ ಓಣಿಯ ನಲವತ್ತು ಮನೆಗಳಲ್ಲೂ ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆಯುವಾಗ ಮೊದಲ ಹಿಡಿ ಆ ಗಡಿಗೆಗೆ. ಗಡಿಗೆ ಅಡಿಗೆಮನೆಯಲ್ಲಿ ಇರುತ್ತಿರಲಿಲ್ಲ, ಒಳ ಹೊಸ್ತಿಲಿನಾಚೆ ಪಡಸಾಲೆಯ ಮೂಲೆಯಲ್ಲಿ ಇರುತ್ತಿತ್ತು. ಯಾಕೆಂದು ನಾನು ಯಾವತ್ತೂ ಕೇಳಲಿಲ್ಲ. ಗಂಡುಹುಡುಗರಿಗೆ ಬಡಿಸಿದ ಅನ್ನ ಗೊತ್ತಿರುತ್ತದೆ, ಅಕ್ಕಿ ಎಲ್ಲಿರುತ್ತದೆ ಎಂದು ಗೊತ್ತಿರುವುದಿಲ್ಲ.

ಈ ಮುಷ್ಟಿಗೆ ಯಜಮಾನಿ ಗೌರವ್ವಜ್ಜಿ. ಸೋಮವಾರಕ್ಕೊಮ್ಮೆ ಬುಟ್ಟಿ ಹೊತ್ತುಕೊಂಡು ಬಂದು ಮನೆಮನೆಯ ಗಡಿಗೆ ಖಾಲಿ ಮಾಡಿಕೊಂಡು ಹೋಗುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಗಡಿಗೆ ಎತ್ತಿದ ಕೂಡಲೇ, ಈ ವಾರ ಯಾವ ಸೊಸೆಯ ಕೈ ಸಣ್ಣದಾಗಿದೆ ಎಂದು ಹೇಳಿಬಿಡುತ್ತಿದ್ದಳು. ಮಠದಲ್ಲಿ ಕೂಡಿಟ್ಟ ಅಕ್ಕಿಯನ್ನು ಹಳಿಯಾಳದ ಪೇಟೆಗೆ ಒಯ್ಯುತ್ತಿದ್ದವನು ಲಾರಿಯ ರಾಜೇಸಾಬ. ಬಂದ ದುಡ್ಡಿನಲ್ಲಿ ಊರಿನ ಒಂದು ಮಗುವಿನ ಕಾಲೇಜು. ಒಂದು ಸಲಕ್ಕೆ ಒಂದೇ ಮಗು, ಅದರ ಓದು ಮುಗಿಯುವ ತನಕ ಇನ್ನೊಂದರ ಹೆಸರು ಎತ್ತುವ ಹಾಗಿಲ್ಲ. ಮೊದಲನೆಯವನು ಓದಿ ಮುಗಿಸಿ, ಬೆಳಗಾವಿಯಲ್ಲಿ ನೌಕರಿ ಹಿಡಿದು, ಊರ ಕಡೆ ತಲೆ ಹಾಕುವುದನ್ನು ಬಿಟ್ಟಿದ್ದ. ಎರಡನೆಯವನು ನಾನು. ನಮ್ಮಪ್ಪ ನಾನು ಮೂರನೇ ಇಯತ್ತೆಯಲ್ಲಿದ್ದಾಗಲೇ ತೀರಿಕೊಂಡಿದ್ದ, ಅವ್ವ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ನನ್ನನ್ನು ಹಳಿಯಾಳದಲ್ಲಿ ಮೆಟ್ರಿಕ್ ತನಕ ತಂದಿದ್ದಳು. ನನಗೆ ಮಾರ್ಕು ಚೆನ್ನಾಗಿ ಬಂದವು. ಚನ್ನಬಸು ಡಾಕ್ಟರ ಆಗಲಿ ಎಂದು ಊರು ನಿಶ್ಚಯ ಮಾಡಿತು, ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ನಾನೂ ಹೌದೆನ್ನುತ್ತಿದ್ದೆ.

ಓದುವ ಮಗುವಿನ ಮನೆಯಿಂದ ಮುಷ್ಟಿ ಎತ್ತುವುದಿಲ್ಲ. ನಾನು ಧಾರವಾಡಕ್ಕೆ ಹೊರಟ ಬೆಳಿಗ್ಗೆ ಗೌರವ್ವಜ್ಜಿ ನಮ್ಮ ಮನೆಗೆ ಬಂದಳು. ಅವ್ವ ಆಗಷ್ಟೇ ಪಡಸಾಲೆ ಸಾರಿಸಿದ್ದಳು, ಸೆಗಣಿ ಇನ್ನೂ ಹಸಿಯಿತ್ತು. ಅಜ್ಜಿ ನಮ್ಮ ಗಡಿಗೆ ಖಾಲಿ ಮಾಡಿ, ಅದೇ ಜಾಗದಲ್ಲಿ ಬೋರಲು ಹಾಕಿ, ಮೇಲೆ ವಿಭೂತಿ ಬಳಿದಳು.

“ನಿನ್ನ ಮಗಾ ಓದಿ ಮುಗಸೂತನಕಾ ಇದನ್ನ ಎತ್ತಬ್ಯಾಡ ಶಾಂತವ್ವಾ,” ಅಂದಳು.

ಅವ್ವ ಆ ಬೋರಲು ಗಡಿಗೆಗೆ ಕೈಮುಗಿದಳು. ನನಗೆ ಆಗ ನಗು ಬಂದಿತ್ತು.

ಧಾರವಾಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರಿನದೇನೂ ತಪ್ಪಿಲ್ಲ, ಕಾಲೇಜಿನದೂ ಇಲ್ಲ. ಮೆಟ್ರಿಕ್ ತನಕ ಎಲ್ಲವನ್ನೂ ಕನ್ನಡದಲ್ಲಿ ಓದಿದವನು ನಾನು, ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಮಾತು ಕಿವಿಗೆ ಬೀಳುತ್ತಿತ್ತು, ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ರಸಾಯನಶಾಸ್ತ್ರದ ಪ್ರಯೋಗದ ಹೊತ್ತಿನಲ್ಲಿ ಮಾಸ್ತರರು ಏನೋ ಕೇಳಿದರು. ಉತ್ತರ ನನಗೆ ಗೊತ್ತಿತ್ತು, ಬಾಯಿ ತೆಗೆದರೆ ಕನ್ನಡ ಬಂತು. ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ, ನನ್ನ ಭುಜ ತಟ್ಟಿ ಮುಂದೆ ಹೋದರು. ನಕ್ಕವರನ್ನು ಮರೆತಿದ್ದೇನೆ, ಆ ಭುಜ ತಟ್ಟಿದ್ದನ್ನು ಮರೆಯಲು ಆಗಿಲ್ಲ. ದೀಪಾವಳಿಗೆ ಮುಂಚಿನ ಪರೀಕ್ಷೆಯಲ್ಲಿ ಗಣಿತ ಒಂದನ್ನು ಬಿಟ್ಟು ಎಲ್ಲದರಲ್ಲೂ ಡುಮ್ಕಿ ಹೊಡೆದೆ. ಊರಿಗೆ ಹೋಗಿ, ಎಲ್ಲ ಚಲೋ ನಡೆದಿದೆ ಎಂದು ಹೇಳಿ, ಗೌರವ್ವಜ್ಜಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟ ಎರಡನೇ ಟರ್ಮಿನ ದುಡ್ಡನ್ನು ಇಸಿದುಕೊಂಡು ವಾಪಸು ಹೋದೆ. ಒಂದು ತಿಂಗಳು ತರಗತಿಯ ಕಡೆ ಬೆಂಚಿನಲ್ಲಿ ಕೂತೆ. ಆಮೇಲೆ ಡಿಸೆಂಬರಿನಲ್ಲಿ ಒಂದು ದಿನ ಆಫೀಸಿಗೆ ಹೋಗಿ, ಮನೆಯ ಅಡಚಣೆಯಿಂದ ಕಾಲೇಜು ಬಿಡುತ್ತಿದ್ದೇನೆ ಎಂದು ಅರ್ಜಿ ಬರೆದುಕೊಟ್ಟೆ. ಆ ಟರ್ಮಿನ ಫೀಸು ಇನ್ನೂ ಕಟ್ಟಿರಲಿಲ್ಲ. ದುಡ್ಡು ನನ್ನ ಸೊಂಟದಲ್ಲೇ ಇತ್ತು.

ಅಳ್ನಾವರದಲ್ಲಿ ರೈಲು ಇಳಿದೆ. ಸ್ಟೇಶನ್ನಿನ ಹೊರಗೆ ಹಳಿಯಾಳದ ಬಸ್ಸು ನಿಂತಿತ್ತು, ಹತ್ತಿದ್ದರೆ ಊಟದ ಹೊತ್ತಿಗೆ ಅವ್ವನ ಮುಂದೆ ಇರುತ್ತಿದ್ದೆ. ಒಳಗೆ ದಾಂಡೇಲಿಯ ರೈಲು ನಿಂತಿತ್ತು. ಸುಮಾರು ಹೊತ್ತು ಎರಡರ ನಡುವೆ ಟ್ರಂಕು ಹಿಡಿದುಕೊಂಡು ನಿಂತಿದ್ದೆ. ಬಸ್ಸು ಹೋಯಿತು, ನಾನು ರೈಲು ಹತ್ತಿದೆ. ಹೇಡಿತನಕ್ಕೆ ಯಾರೂ ಟಿಕೆಟ್ಟು ಕೇಳುವುದಿಲ್ಲ, ಅದು ಎಲ್ಲಿ ಬೇಕಾದರೂ ಹತ್ತುತ್ತದೆ.

ದಾಂಡೇಲಿ ಆಗ ಹೊಸದಾಗಿ ಮೈತುಂಬಿಕೊಳ್ಳುತ್ತಿದ್ದ ಊರು. ಕಾಗದದ ಕಾರ್ಖಾನೆಯ ಭೋಂಗಾ ಕೂಗಿದರೆ ಇಡೀ ಊರು ಎದ್ದು ನಡೆಯುತ್ತಿತ್ತು. ಕಾರಕೂನಿಕೆಯ ಕೆಲಸ ಕೇಳುತ್ತ ತಿರುಗಿದೆ. ಎಲ್ಲರೂ ಒಂದೇ ಪ್ರಶ್ನೆ ಕೇಳಿದರು, ಇಂಗ್ಲಿಷ್ ಬರುತ್ತದೆಯೇ ಎಂದು. ಯಾವ ಭೂತದಿಂದ ಓಡಿ ಬಂದಿದ್ದೆನೋ ಅದು ನನಗಿಂತ ಮುಂಚೆ ಬಂದು ಪ್ರತಿ ಬಾಗಿಲಲ್ಲೂ ಕೂತಿತ್ತು. ಖಾನಾವಳಿಯಲ್ಲಿ ಉಣ್ಣುತ್ತ, ಬಾಡಿಗೆ ಕೋಣೆಯಲ್ಲಿ ಮಲಗುತ್ತ ಸೊಂಟದ ದುಡ್ಡು ಕರಗಿತು. ನಲವತ್ತು ಮನೆಯ ಹೆಂಗಸರ ಹಿಡಿ ಅಕ್ಕಿಯನ್ನು ನಾನು ಒಬ್ಬನೇ ಕೂತು ತಿಂದೆ ಎಂಬುದು ತಿಂದು ಮುಗಿಯುವ ತನಕ ನನ್ನ ತಲೆಗೆ ಹೊಳೆಯಲಿಲ್ಲ. ಮುಗಿದ ಮೇಲೆ ಬಿದಿರಿನ ಡಿಪೋಕ್ಕೆ ಹೋದೆ. ಅಲ್ಲಿ ಯಾರೂ ಇಂಗ್ಲಿಷ್ ಕೇಳಲಿಲ್ಲ.

ಜೋಯಿಡಾದ ಕಾಡಿನಿಂದ ಲಾರಿಗಳಲ್ಲಿ ಬಿದಿರು ಬರುತ್ತಿತ್ತು. ಇಳಿಸುವುದು, ಹೊರುವುದು, ಒಟ್ಟುವುದು. ಶಿವರಾತ್ರಿ ಕಳೆದ ಮೇಲೆ ಬಿಸಿಲು ಎಷ್ಟು ಏರಿತೆಂದರೆ ಒಟ್ಟಿದ ಗಳಗಳು ತಮ್ಮಷ್ಟಕ್ಕೆ ತಾವೇ ಪಟ್ ಎಂದು ಸೀಳುತ್ತಿದ್ದವು. ಸಿಬಿರು ಅಂಗೈಗೆ ಹೊಕ್ಕರೆ ಕಾಣುತ್ತಿರಲಿಲ್ಲ, ಎರಡು ದಿನ ಬಿಟ್ಟು ಕೀವಾಗಿ ಕಾಣುತ್ತಿತ್ತು. ಮೊದಲ ತಿಂಗಳು ರೊಟ್ಟಿ ಮುರಿಯಲು ಆಗದೆ ಅತ್ತಿದ್ದೇನೆ. ಆಮೇಲೆ ಅಂಗೈ ದನದ ಚರ್ಮದ ಹಾಗೆ ಗಟ್ಟಿಯಾಯಿತು, ಬೆರಳುಗಳು ಪೂರ್ತಿ ಮಡಚುವುದನ್ನು ಬಿಟ್ಟವು.

ಒಂದು ಸಂಜೆ ಜೋಯಿಡಾ ಕಡೆಯಿಂದ ಬಂದ ಲಾರಿಯ ಡ್ರೈವರ ಕೆಳಗಿಳಿದು ನನ್ನನ್ನೇ ನೋಡುತ್ತ ನಿಂತ. ರಾಜೇಸಾಬ. ಸೋಮವಾರಕ್ಕೊಮ್ಮೆ ನಮ್ಮೂರಿನ ಅಕ್ಕಿ ಒಯ್ಯುವವನಿಗೆ ವಾರದ ಉಳಿದ ದಿನ ಬಿದಿರಿನ ಬಾಡಿಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ಮುಖ ತಿರುಗಿಸಿದೆ.

“ಏ ಹುಡುಗಾ, ಈ ಕಡೆ ನೋಡು. ನೀ ಶಾಂತವ್ವನ ಮಗಾ ಚನ್ನಬಸು ಅಲ್ಲೇನು?”

“ಅಲ್ರೀ.”

“ಸುಳ್ಳ ಬೊಗಳಬ್ಯಾಡ. ನಿನ್ನ ಹೆಸರಿನ ಅಕ್ಕಿ ವಾರಾ ವಾರಾ ಹೊತ್ತಾಂವ ನಾ.”

ರಮಜಾನ್ ತಿಂಗಳು. ಅವನ ತುಟಿ ಒಣಗಿ ಬಿಳಿಯಾಗಿತ್ತು. ಹೊತ್ತು ಮುಳುಗುವ ತನಕ ಇಬ್ಬರೂ ಲಾರಿಯ ನೆರಳಲ್ಲಿ ಕೂತೆವು. ಮಸೀದಿಯ ಬಾಂಗ್ ಕೇಳಿಸಿದ ಮೇಲೆ ಅವನು ಒಂದು ಖರ್ಜೂರವನ್ನು ಸೀಳಿ ಅರ್ಧ ತನ್ನ ಬಾಯಿಗಿಟ್ಟುಕೊಂಡ, ಅರ್ಧ ನನ್ನ ಕೈಗೆ ಹಾಕಿದ. ನಾನು ಎಲ್ಲವನ್ನೂ ಹೇಳಿದೆ. ಯಾರಿಗಾದರೂ ಹೇಳಿದ್ದು ಅದೇ ಮೊದಲು.

“ನಿಮ್ಮೂರಾಗ ನನ್ನ ಲಾರಿ ನಿಂತ್ರ ಸಾಕು, ಹೆಣ್ಣಮಕ್ಕಳು ಸುತ್ತ ನಿಂತಬಿಡ್ತಾರ,” ಅಂದ. “ರಾಜೇಸಾಬಣ್ಣಾ, ಧಾರವಾಡದ ಕಡೆ ಹೋಗಿದ್ದೇನು, ನಮ್ಮ ಹುಡುಗ ಕಂಡಿದ್ನೇನು, ಸೊರಗ್ಯಾನೇನು ಅಂತ ಕೇಳ್ತಾರ. ಮುಂಜಾನಿಂದ ಹನಿ ನೀರ ಮುಟ್ಟಿಲ್ಲ ನಾ. ಇಂಥಾ ಬಾಯಲೆ ನಿನ್ನ ಸಲುವಾಗಿ ಸುಳ್ಳ ಹೇಳ್ಲೇನು?”

ಕೈಯಲ್ಲೇ ಉಳಿದಿದ್ದ ಅರ್ಧ ಖರ್ಜೂರವನ್ನು ಬಾಯಿಗೆ ಹಾಕಿಕೊಂಡೆ.

“ಇನ್ನೊಂದು ಕೇಳು. ಕಲ್ಲವ್ವನ ಮಗಳು ನೀಲವ್ವ ಈ ವರ್ಸ ಮೆಟ್ರಿಕ್ ಕುಂಡ್ರಾಕಿ ಅದಾಳ. ಧಾರವಾಡಕ್ಕ ಹೋಗಿ ಸಾಲಿ ಕಲಸೂ ಅಕ್ಕೋರ ಟ್ರೇನಿಂಗ್ ಕಲೀಬೇಕಂತ ಆಸೆ ಆಕೀಗೆ. ಗೌರವ್ವಜ್ಜಿ ಏನಂದ್ಲು ಗೊತ್ತೈತೇನು? ಚನ್ನಬಸುನ ಗಡಿಗಿ ಡಬ್ಬ ಹಾಕೇನವಾ, ಅವಂದು ಮುಗೀಲಿ, ಆಮ್ಯಾಲೆ ನಿಂದು ಅಂದ್ಲು. ನಿಂದು ಮುಗಿಯೂದ್ರಾಗ ಆಕಿ ಮದಿವ್ಯಾಗಿ ಎರಡ ಮಕ್ಕಳ ತಾಯಿ ಆಗಿರ್ತಾಳ. ನೀನೂ ಓದವಲ್ಲಿ, ಓದಾಕೀಗೂ ದಾರಿ ಬಿಡವಲ್ಲಿ.”

ಆ ಮಾತು ಸಿಬಿರಿನ ಹಾಗೆ ಒಳಗೆ ಹೊಕ್ಕಿತು. ದುಡ್ಡು ತಿಂದಿದ್ದು ನನ್ನ ಪಾಪ, ಅದನ್ನು ಹೇಗಾದರೂ ತೀರಿಸುತ್ತೇನೆ ಎಂದುಕೊಂಡಿದ್ದೆ. ನಾನು ಮುಚ್ಚಿಟ್ಟುಕೊಂಡು ಕೂತಷ್ಟು ದಿನ ಇನ್ನೊಬ್ಬಳ ವರ್ಷಗಳು ಆ ಗಡಿಗೆಯ ಕೆಳಗೆ ಬಿದ್ದಿವೆ ಎಂದು ಗೊತ್ತಿರಲಿಲ್ಲ.

“ಗಳಿಸಿ, ಅಷ್ಟೂ ಅಕ್ಕಿ ಕೊಂಡು, ಹೊತಗೊಂಡು ಹೋಗಿ ಹೇಳ್ತೇನ್ರೀ,” ಅಂದೆ.

“ಮೊದ್ಲ ಮಾತು ಒಯ್ಯಿ. ಅಕ್ಕಿ ಹಿಂದಿಂದ ಬರಲಿ.”

ಕೇಳಲಿಲ್ಲ ನಾನು. ಬರಿಗೈಯಲ್ಲಿ ಹೋದರೆ ಕಳ್ಳ, ತುಂಬಿದ ಚೀಲ ಹೊತ್ತು ಹೋದರೆ ಸಾಲ ತೀರಿಸಲು ಬಂದ ಮರ್ಯಾದಸ್ಥ ಎಂಬ ಲೆಕ್ಕ ನನ್ನದು. ರಾಜೇಸಾಬ ಎದ್ದು ನಿಂತು, ಜೂನಿನ ಮಿರಗದ ಮಳೆ ಕೂಡುವುದರೊಳಗೆ ನೀನು ಹೋಗದಿದ್ದರೆ ನಾನೇ ಹೋಗಿ ಹೇಳುತ್ತೇನೆ ಎಂದ. ಅಲ್ಲಿಯ ತನಕ ಅವನು ತೇರಗಾಂವಕ್ಕೆ ತಾನು ಹೋಗದೆ ಬೇರೆ ಡ್ರೈವರನನ್ನು ಕಳಿಸಿದ. ಅವನ ಬಾಯಿ ನನಗಾಗಿ ಸುಳ್ಳೂ ಹೇಳಲಿಲ್ಲ, ನನ್ನ ಮೇಲೆ ಚಾಡಿಯನ್ನೂ ಹೇಳಲಿಲ್ಲ.

ಮಾರ್ಚಿನಿಂದ ಮೇ ತನಕ ನಾನು ಎತ್ತಿನ ಹಾಗೆ ದುಡಿದೆ. ಖಾನಾವಳಿ ಬಿಟ್ಟು ಒಂದು ಹೊತ್ತು ಅಂಬಲಿ ಕುಡಿದೆ. ಭಾನುವಾರ ಎಲ್ಲರೂ ಮೌಳಂಗಿಯ ಕಡೆ ಹೊಳೆಯಲ್ಲಿ ಈಸಾಡಲು ಹೋದರೆ ನಾನು ಲಾರಿ ಇಳಿಸಲು ನಿಲ್ಲುತ್ತಿದ್ದೆ. ಮೇ ಕೊನೆಗೆ ಆ ಟರ್ಮಿನ ದುಡ್ಡಿಗೆ ಸರಿಯಾಗಿ ಎರಡು ಚೀಲ ಅಕ್ಕಿ ಹಳಿಯಾಳದ ಪೇಟೆಯಲ್ಲಿ ಕೊಂಡೆ. ರಾಜೇಸಾಬ ತನ್ನ ಲಾರಿಯಲ್ಲಿ ಹಾಕಿಕೊಂಡು ನಮ್ಮ ಮನೆಯ ಮುಂದೆ ಇಳಿಸಿ, ನೀರು ಕೂಡ ಕುಡಿಯದೆ ಹೊರಟ.

“ನಾ ನಿಂತ್ರ ನೀ ನನ್ನ ಬೆನ್ನಹಿಂದ ಅಡಗ್ತಿ,” ಅಂದ.

ಅವ್ವ ಪಡಸಾಲೆ ಸಾರಿಸುತ್ತಿದ್ದಳು. ರಜೆ ಬಿಟ್ಟಿತೇನೋ ಎಂದು ಎದ್ದು ಬಂದವಳು ನನ್ನ ಕೈ ಹಿಡಿದಳು, ಹಿಡಿದ ಕೈಯನ್ನು ತಿರುಗಿಸಿ ಅಂಗೈ ನೋಡಿದಳು. ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಕೂಲಿ ಮಾಡುವವಳಿಗೆ ಕೂಲಿಯ ಕೈ ಓದಲು ಯಾವ ಕಾಲೇಜೂ ಬೇಕಿಲ್ಲ.

“ಎಂದಿನಿಂದ?” ಅಂದಳು.

ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಕೂತು ಅರ್ಧ ಬಿಟ್ಟ ನೆಲವನ್ನು ಪೂರ್ತಿ ಸಾರಿಸಿದಳು. ಮೂಲೆಯ ಬೋರಲು ಗಡಿಗೆಯ ಹತ್ತಿರ ಬಂದಾಗ ಅದನ್ನು ಎತ್ತದೆ, ಸುತ್ತಲೂ ಜೋಕೆಯಿಂದ ಕೈಯಾಡಿಸಿದಳು. ಕೈ ತೊಳೆದುಕೊಂಡು ಬಂದು, ಅಪ್ಪನ ಹಳೆಯ ಧೋತರದಲ್ಲಿ ಒಂದು ಜೋಳಿಗೆ ಕಟ್ಟಿ, ಚೀಲ ಬಿಚ್ಚಿ ಅಕ್ಕಿ ತುಂಬಿದಳು.

“ನಾಳೆ ಸೋಮವಾರ. ಮುಂಜಾನೆ ಜಳಕಾ ಮಾಡಿ ಮನೀಮನೀಗೆ ಹೋಗು. ಒಂದ ಮನೀನೂ ಬಿಡಬ್ಯಾಡ.”

ಮೊದಲ ಮನೆಯ ಸೊಸೆ ಪಡಸಾಲೆಯಲ್ಲಿ ಗಡಿಗೆಗೆ ಮುಷ್ಟಿ ಹಾಕುತ್ತಿದ್ದಳು. ನಾನು ಡಿಸೆಂಬರಿನಲ್ಲೇ ಓದು ಬಿಟ್ಟೆನೆಂದೂ ಅವರ ಮುಷ್ಟಿ ತಿರುಗಿ ತಂದಿದ್ದೇನೆಂದೂ ಹೇಳಿ ಜೋಳಿಗೆಗೆ ಕೈ ಹಾಕಿದೆ. ಅವಳು ಹಾವು ತುಳಿದವಳ ಹಾಗೆ ಹಿಂದೆ ಸರಿದಳು.

“ಅಯ್ಯ, ಒಳಗ ತರಬ್ಯಾಡೋ! ಹೊಸ್ತಲಾ ದಾಟಿ ಹೋದ ಮುಷ್ಟಿ ಹೊಳ್ಳಿ ಬಂದ್ರ ಮನೀಗೆ ಚಲೋದಲ್ಲ.”

ಆಗ ಗೊತ್ತಾಯಿತು ಗಡಿಗೆ ಯಾಕೆ ಹೊಸ್ತಿಲಿನಾಚೆ ಇರುತ್ತದೆ ಎಂದು. ದೇವರ ಹೆಸರಿನಲ್ಲಿ ಎತ್ತಿದ ಅಕ್ಕಿ ಆ ಮನೆಯ ಒಲೆಗೆ ತಿರುಗಿ ಹೋಗಬಾರದು. ಊರಿನ ಹಸುಗೂಸಿಗೂ ಗೊತ್ತಿದ್ದ ಮಾತು, ಊರಿನ ಅಕ್ಕಿ ತಿಂದು ಬೆಳೆದ ನನಗೆ ಗೊತ್ತಿರಲಿಲ್ಲ. ಮೂರು ತಿಂಗಳು ಬೆನ್ನು ಮುರಿದು ಗಳಿಸಿದ್ದು ಯಾರಿಗೂ ಬೇಡವಾದ ಅಕ್ಕಿ. ತಿರುಗಿ ಹೋಗೋಣ ಅನ್ನಿಸಿತು. ಒಂದ ಮನೀನೂ ಬಿಡಬ್ಯಾಡ ಎಂದ ಅವ್ವನ ದನಿ ಕಿವಿಯಲ್ಲಿತ್ತು, ಮುಂದಿನ ಬಾಗಿಲಿಗೆ ಹೋದೆ.

ಅಲ್ಲಿಂದ ಮುಂದೆ ಮನೆಗೊಂದು ಮಾತು. ಒಬ್ಬಳು, ಡಾಕ್ಟರ ಸಾಹೇಬ್ರು ಬಂದ್ರು, ನಾಡಿ ನೋಡಸ್ಕೋರಿ ಅಂದಳು. ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು, ಮತ್ತೆ ಬರಲಿಲ್ಲ. ಒಬ್ಬರ ಮನೆಯಲ್ಲಿ ಗಂಡಸು ಎದ್ದು ಬಂದು, ನಮ್ಮ ಕೂಸಿಗೆ ಹಾಲಿಲ್ಲದಾಗೂ ನಿನಗೆ ಅಕ್ಕಿ ಎತ್ತಿದ್ದಾಳೆ ಇವಳು ಎಂದು ಹೆಂಡತಿಯನ್ನು ತೋರಿಸಿದ. ನಾನು ಪ್ರತಿ ಬಾಗಿಲಲ್ಲೂ ಅದೇ ಎರಡು ಮಾತು ಹೇಳುತ್ತಿದ್ದೆ. ಮೊದಲ ಹತ್ತು ಮನೆ ದನಿ ನಡುಗಿತು. ಆಮೇಲೆ ನಡುಗುವುದೂ ನಿಂತಿತು, ಬರೀ ನಾಚಿಕೆ ಉಳಿಯಿತು.

ಓಣಿಯ ಕಡೆಯ ಮನೆ ಕಲ್ಲವ್ವನದು. ಅವಳು ಗಂಡ ಸತ್ತವಳು, ಕೂಲಿಯವಳು, ನಮ್ಮ ಅವ್ವನ ಜೊತೆ ನಾಟಿ ಹಚ್ಚುವವಳು. ಪಡಸಾಲೆಯಲ್ಲಿ ಮೊರದ ತುಂಬ ನುಚ್ಚು ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಪಕ್ಕದಲ್ಲೇ ಮುಷ್ಟಿಯ ಗಡಿಗೆ. ನಾನು ನಿಂತಲ್ಲಿಂದ ಒಳಗಿನ ಅಕ್ಕಿ ಕಾಣುತ್ತಿತ್ತು, ಒಂದೊಂದು ಕಾಳೂ ಇಡಿಯಾಗಿತ್ತು. ತಾವು ನುಚ್ಚಿನ ಗಂಜಿ ಕುಡಿದು ನನಗೆ ಇಡಿ ಅಕ್ಕಿ ಎತ್ತಿಟ್ಟಿದ್ದರು. ನೀಲವ್ವ ಒಳ ಬಾಗಿಲಿಗೆ ಒರಗಿ ನಿಂತಿದ್ದಳು. ನನಗಿಂತ ಒಂದು ವರ್ಷ ಚಿಕ್ಕವಳು. ಮೆಟ್ರಿಕ್ ಪಾಸಾದ ಸುದ್ದಿ ಹಿಂದಿನ ವಾರವಷ್ಟೇ ಬಂದಿತ್ತು.

ನಾನು ಹೇಳಿ ಮುಗಿಸಿದೆ. ಕಲ್ಲವ್ವ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

“ಉಂಡೀಯೇನಪಾ?” ಅಂದಳು.

ಮೂವತ್ತೆಂಟು ಮನೆಯ ಬೈಗುಳಕ್ಕೆ ಬಾರದ ಅಳು ಅಲ್ಲಿ ಬಂತು. ನೀಲವ್ವ ಮಾತ್ರ ನನ್ನನ್ನು ಬಿಡಲಿಲ್ಲ.

“ಡಿಸೆಂಬರದಾಗ ಹೇಳಿದ್ರ ಏನಾಗ್ತಿತ್ತೋ ಅಣ್ಣಾ?” ಎಂದು ಕೇಳಿದಳು. “ಅರ್ಜಿ ಹಾಕೂ ಹೊತ್ತಿಗೆ ನನಗ ಯಾರೂ ಇಲ್ಲ ಅಂತ ಸುಮ್ಮನ ಕುಂತೆ. ಅರ್ಜಿಗೆ ಇನ್ನ ಎಂಟ ದಿನಾ ಅಷ್ಟ ಉಳದಾವ.”

ಮನೆಗೆ ಬಂದು ಜೋಳಿಗೆ ಇಳಿಸಿದೆ. ಒಂದು ಹಿಡಿಯೂ ಕಡಿಮೆಯಾಗಿರಲಿಲ್ಲ.

“ಯಾರೂ ತಗೊಳ್ಳೂದಿಲ್ಲ ಅಂತ ನಿನಗ ಗೊತ್ತಿತ್ತೇನ ಅವ್ವಾ?”

“ಗೊತ್ತಿತ್ತು.”

“ಮತ್ತ ಯಾಕ ಕಳಿಸಿದಿ?”

“ದಿನಾ ನಿನ್ನ ಹೆಸರು ತಗೊಂಡು ಹಾಕ್ಯಾರ ಅವರು. ನಿನ್ನ ಮಾರಿ ನೋಡಿ ಒಂದ ಮಾತು ಅನ್ನೂ ಹಕ್ಕು ಅವರದು.”

ಸಂಜೆ ಮಠದಲ್ಲಿ ಊರು ಕೂಡಿತು. ಎರಡು ಚೀಲ ಅಕ್ಕಿಯನ್ನು ಕಟ್ಟೆಯ ಮೇಲೆ ಇಟ್ಟಿದ್ದರು, ನಾನು ಅದರ ಪಕ್ಕ ನಿಂತಿದ್ದೆ. ಊರ ಗೌಡರು ಒಳ್ಳೆಯ ಮನುಷ್ಯ, ಆದರೆ ನೊಂದಿದ್ದರು. ಮೊದಲನೆಯವನು ಊರನ್ನು ಮರೆತ, ಎರಡನೆಯವನು ಊರಿಗೆ ಮೋಸ ಮಾಡಿದ, ಈ ಮುಷ್ಟಿಯ ಉಸಾಬರಿ ಇವತ್ತಿಗೆ ಸಾಕು, ಈ ಅಕ್ಕಿ ಬೇಯಿಸಿ ಎಲ್ಲರೂ ಪ್ರಸಾದ ಎಂದು ಉಂಡುಬಿಡೋಣ ಎಂದರು. ಗಂಡಸರು ಹೌದು ಹೌದು ಎಂದು ತಲೆ ಅಲ್ಲಾಡಿಸಿದರು. ಕಲ್ಲವ್ವ ಹೆಂಗಸರ ಹಿಂದೆ, ಗೋಡೆಗೆ ಹತ್ತಿ ಕೂತಿದ್ದಳು. ನಾನು ಅತ್ತ ನೋಡಲಾಗದೆ ನೆಲ ನೋಡಿದೆ.

ಗೌರವ್ವಜ್ಜಿ ಕೋಲೂರಿಕೊಂಡು ಎದ್ದಳು.

“ಇದು ಓದಿನ ಹೆಸರಲೆ ಎತ್ತಿದ ಮುಷ್ಟಿ. ಉಂಡ್ರ ಓದೂ ಕೂಸು ಉಣ್ಣಬೇಕು. ನೀವು ಏನರೆ ಓದಾಕ ಹೊಂಟೀರೇನ ಗೌಡ್ರ?”

ಯಾರೋ ಕಿಸಕ್ಕನೆ ನಕ್ಕರು. ಹಾಗಾದರೆ ಮಾರೋಣ ಎಂದರು ಗೌಡರು.

“ಮಾರೂಣು. ಯಾರ ಹೆಸರಲೆ ಮಾರ್ಲಿ? ಹೆಸರ ಹೇಳ್ರಿ, ಚೀಲ ಎತ್ತಸ್ತೇನಿ. ಇಲ್ಲಾಂದ್ರ ಈ ಅಕ್ಕಿ ಯಾರ ಮನೀಗೂ ಹೋಗೂಹಂಗಿಲ್ಲ, ಯಾರ ಹೊಟ್ಟೀಗೂ ಹೋಗೂಹಂಗಿಲ್ಲ. ಇಲ್ಲೇ ಹುಳಾ ಬೀಳ್ತೈತಿ. ಅಕ್ಕೀಗೆ ಹುಳಾ ಬಿದ್ದ ಊರಿಗೆ ಮಳಿ ಆಗ್ತೈತೇನು?”

ಹೊರಗೆ ಬಡಗಣ ದಿಕ್ಕಿನಲ್ಲಿ ಗುಡುಗಿತು. ಮಿರಗಕ್ಕೆ ಮುಂಚಿನ ಮೋಡ, ಆ ಹೊತ್ತಿಗೆ ಗುಡುಗುವುದು ಅದರ ಕೆಲಸ. ಆದರೆ ಬಿತ್ತನೆಗೆ ಕಾಯುತ್ತಿದ್ದ ಗಂಡಸರ ಮುಖಗಳು ಮೆತ್ತಗಾದವು.

“ಹಂಗಾರ ಓದಾವರು ಯಾರ ಅದಾರ ಊರಾಗ?” ಅಂದರು ಗೌಡರು.

“ಕಲ್ಲವ್ವನ ಮಗಳು ನೀಲವ್ವ.”

“ಹೆಣ್ಣ ಹುಡುಗೀನ ಧಾರವಾಡಕ್ಕ ಕಳಸೂದಂದ್ರ...”

“ಗಂಡ ಹುಡುಗನ್ನ ಕಳಿಸಿ ನೋಡಿದಿವಲ್ಲ,” ಅಂದಳು ಗೌರವ್ವಜ್ಜಿ.

ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾರೂ ಕೊಟ್ಟಿಲ್ಲ, ಅದಕ್ಕಿಂತ ದೊಡ್ಡ ಉಪಕಾರವನ್ನೂ ಯಾರೂ ಮಾಡಿಲ್ಲ. ಮರುದಿನ ಬೆಳಿಗ್ಗೆ ರಾಜೇಸಾಬನ ಲಾರಿ ಬಂದು ಚೀಲಗಳನ್ನು ಒಯ್ದಿತು. ನೀಲವ್ವನ ಅರ್ಜಿಯನ್ನು ನಾನು ಬರೆದೆ, ಧಾರವಾಡಕ್ಕೆ ಹೋಗಿ ನಾನೇ ಕೊಟ್ಟು ಬಂದೆ. ಅವಳು ಟ್ರೇನಿಂಗ್ ಮುಗಿಸಿ ಮುಂಡಗೋಡದಲ್ಲಿ ಅಕ್ಕೋರಾಗಿ ಇಡೀ ನೌಕರಿ ಕಳೆದಳು. ಮೊದಲ ಪಗಾರದಿಂದ ಕಡೆಯ ಪಗಾರದ ತನಕ ಪ್ರತಿ ವರ್ಷ ಒಂದು ಚೀಲ ಅಕ್ಕಿ ಮಠಕ್ಕೆ ಕಳಿಸಿದಳು. ನನ್ನ ಜೊತೆ ಎರಡು ವರ್ಷ ಮಾತಾಡಲಿಲ್ಲ, ಆಮೇಲೆ ಮಾತಾಡಿದಳು. ನಾನು ರಾಜೇಸಾಬನ ಹತ್ತಿರ ಲಾರಿಯ ಲೆಕ್ಕ ಬರೆಯಲು ಸೇರಿ, ಹಳಿಯಾಳದವನಾಗಿ ಉಳಿದೆ.

ಆದರೆ ನಾನು ಹೇಳಬೇಕಾದ್ದು ಆ ಸಂಜೆಯದು. ಮಠದಿಂದ ಗೌರವ್ವಜ್ಜಿ ನೇರವಾಗಿ ಕಲ್ಲವ್ವನ ಮನೆಗೆ ಹೋಗಿ ಅವಳ ಗಡಿಗೆಯನ್ನು ಬೋರಲು ಹಾಕಿ ವಿಭೂತಿ ಬಳಿದಳು. ಅಲ್ಲಿಂದ ನಮ್ಮ ಮನೆಗೆ ಬಂದಳು, ಹಿಂದೆ ಓಣಿಯ ಹೆಂಗಸರು. ಹನಿ ಬೀಳಲು ಶುರುವಾಗಿತ್ತು. ಒಂದು ಊರಲ್ಲಿ ಎರಡು ಗಡಿಗೆ ಬೋರಲು ಇರುವ ಹಾಗಿಲ್ಲ.

“ಎತ್ತು,” ಅಂದಳು ನನಗೆ.

“ನೀ ಹಾಕಿದ್ದಲ್ಲೇನಜ್ಜಿ, ನೀನ ಎತ್ತು.”

“ನೀ ಓದ್ತಿ ಅಂತ ನಾ ಹಾಕಿದ್ದೆ. ಓದೂದಿಲ್ಲ ಅಂತ ನೀನ ಎತ್ತಬೇಕು.”

ಎರಡೂ ಕೈಯಿಂದ ಎತ್ತಿದೆ. ಒಂದು ವರ್ಷ ಅವ್ವ ವಾರ ವಾರ ಆ ಗಡಿಗೆಯ ಸುತ್ತ ಸಾರಿಸಿದ್ದಳು, ಒಮ್ಮೆಯೂ ಕದಲಿಸಿರಲಿಲ್ಲ. ಸುತ್ತಲಿನ ನೆಲ ಏರಿತ್ತು. ಅದರ ಕೆಳಗೆ ಬಟ್ಟಲಿನ ಹಾಗೆ ಒಂದು ದುಂಡನೆಯ ತಗ್ಗು, ಅಲ್ಲಿ ನಾನು ಧಾರವಾಡಕ್ಕೆ ಹೊರಟ ಬೆಳಗಿನ ಸೆಗಣಿ ಒಣಗಿ ಹಾಗೇ ಇತ್ತು. ಅದರಲ್ಲಿ ಅವ್ವನ ನಾಲ್ಕು ಬೆರಳು ಎಳೆದ ಗೆರೆ ಕೂಡ ಇತ್ತು.

ಗಡಿಗೆಯನ್ನು ನೆಟ್ಟಗೆ ಇಟ್ಟೆ. ಅವ್ವ ಒಳಗಿಂದ ಮೊರದಲ್ಲಿ ಮನೆಯ ಅಕ್ಕಿ ತಂದು ಹಿಡಿದಳು. ನಾನು ಒಂದು ಹಿಡಿ ತೆಗೆದುಕೊಂಡೆ. ಬಿದಿರು ಹೊತ್ತ ಕೈ ಪೂರ್ತಿ ಮುಚ್ಚಲಿಲ್ಲ, ಅರ್ಧ ಅಕ್ಕಿ ಬೆರಳ ಸಂದಿಯಿಂದ ಸೋರಿ ಮೊರಕ್ಕೇ ಬಿತ್ತು. ಹೆಂಗಸರು ನೋಡುತ್ತಿದ್ದರು. ಇನ್ನೊಂದು ಹಿಡಿ ತೆಗೆದು ಹಾಕಿದೆ. ಧಾರವಾಡದ ಆಫೀಸಿನಲ್ಲಿ ಅರ್ಜಿ ಕೊಟ್ಟ ದಿನ ಕಾಲೇಜು ಬಿಟ್ಟೆ ಎಂದು ಇಷ್ಟು ದಿನ ತಿಳಿದುಕೊಂಡಿದ್ದೆ. ಬಿಟ್ಟದ್ದು ಆ ಹಿಡಿ ಅಕ್ಕಿ ಗಡಿಗೆಯ ತಳಕ್ಕೆ ಬಿದ್ದ ಸಪ್ಪಳದಲ್ಲಿ.

ಎಲ್ಲರೂ ಹೋದ ಮೇಲೆ ಅವ್ವ ಗಡಿಗೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದಳು. ಸೆಗಣಿಯ ಬುಟ್ಟಿ ತಂದು, ಕೂತು, ಆ ದುಂಡನೆಯ ಜಾಗವನ್ನೂ ಸಾರಿಸಿದಳು.